ಇಬ್ಬರು ಅಪ್ಪಂದಿರ ದೊರೆ

ಹವಾಯಿ ಎಂದರೆ ನಮ್ಮ ಮೈಸೂರಿನ ನೆಂಟರಿಗೆಲ್ಲ ಚಪ್ಪಲಿ. ಸಿಂಗಪುರದ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತ, ಹವಾಯಿ ದ್ವೀಪಗಳ ಹಳೆಯ ದೊರೆಮನೆತನಗಳ ಬಗ್ಗೆ ಕೆಲಸ ಮಾಡುತ್ತಿದ್ದೇನೆ ಎಂದು ನಾನು ಒಮ್ಮೆ ರಜೆಯಲ್ಲಿ ಹೇಳಿದಾಗ, ಸೋದರಮಾವ ಬಾಗಿಲ ಬಳಿ ಬಿಟ್ಟಿದ್ದ ತಮ್ಮ ಚಪ್ಪಲಿಯ ಕಡೆ ನೋಡಿ, "ಅದ್ರಲ್ಲಿ ಅಷ್ಟೊಂದು ಓದಕ್ಕೆ ಏನಿದೆಯೋ?" ಎಂದಿದ್ದರು. ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ, ಆದರೆ ಒಳಗೊಳಗೇ ಸಿಟ್ಟು ಬಂದಿತ್ತು. ನನಗೆ ಸಿಟ್ಟು ಬೇಗ ಬರುತ್ತದೆ, ಹೋಗುವುದು ನಿಧಾನ. ಹೊಟ್ಟೆಕಿಚ್ಚಂತೂ ಬಂದರೆ ಹೋಗುವುದೇ ಇಲ್ಲ. ಇದು ತೊಂಬತ್ತರ ದಶಕದ ನಡುವಿನ ಮಾತು. ಆಗ ಬಂದದ್ದು ಇನ್ನೂ ಹೋಗಿಲ್ಲ ಎಂಬುದಕ್ಕೆ ಈ ಬರಹವೇ ಸಾಕ್ಷಿ.

ನಾನು ಕೆಲಸ ಮಾಡುತ್ತಿದ್ದದ್ದು ಒಬ್ಬನೇ ಒಬ್ಬ ದೊರೆಯ ಮೇಲೆ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಂದು ಸಾಲಿನಲ್ಲಿ ಹಿಡಿಸುವ ಹೆಸರೂ ಅದಲ್ಲ, ನಮ್ಮ ಮನೆಯಲ್ಲಿ ಯಾರೂ ಅವನನ್ನು ಹೆಸರು ಹಿಡಿದು ಕರೆದದ್ದೂ ಇಲ್ಲ. ಹೆಂಡತಿ "ನಿಮ್ಮ ದೊರೆ" ಎನ್ನುತ್ತಿದ್ದಳು, ಮಗಳು "ನಮ್ಮ ದೊರೆ" ಎನ್ನುತ್ತಿದ್ದಳು. ಬಿಳಿಯರ ಹಡಗುಗಳು ಆ ದ್ವೀಪಗಳನ್ನು ಕಾಣುವುದಕ್ಕೂ ಹಿಂದಿನವನು ಅವನು. ಅಲ್ಲಿ ಬರಹ ಇರಲಿಲ್ಲ. ವಂಶಾವಳಿಯೆಲ್ಲ ಬಾಯಲ್ಲೇ ಉಳಿಯಬೇಕಿತ್ತು, ಅದನ್ನು ರಾಗವಾಗಿ ಹೇಳುವುದಕ್ಕೆಂದೇ ಜನ ಇದ್ದರು. ಇಂಥವಳಿಗೆ ಇಂಥವನಿಂದ ಇಂಥವನು ಹುಟ್ಟಿದ ಎಂದು ಶುರು ಮಾಡಿದರೆ, ದೇವರುಗಳವರೆಗೆ, ಅಲ್ಲಿಂದ ಕತ್ತಲೆಯವರೆಗೆ ಹಿಂದಕ್ಕೆ ಹೋಗುತ್ತಿದ್ದರು. ದೊರೆಯೊಬ್ಬ ನಡೆದು ಬಂದರೆ ಸಾಮಾನ್ಯರು ನೆಲಕ್ಕೆ ಮುಖ ಒತ್ತಿ ಮಲಗಬೇಕಿತ್ತು. ಹಕ್ಕಿಯ ಪುಕ್ಕ ಒಂದೊಂದನ್ನೇ ಕಟ್ಟಿ ಮಾಡಿದ ಹಳದಿ ಮೇಲುಹೊದಿಕೆ ಅವನದು. ಇವೆಲ್ಲ ಬೇರೆ ದೊರೆಗಳಿಗೂ ಇದ್ದವು. ನನ್ನ ದೊರೆಯ ವಿಶೇಷವೆಂದರೆ ಅವನಿಗೆ ಇಬ್ಬರು ಅಪ್ಪಂದಿರು.

ಅವನ ತಾಯಿ ದೊಡ್ಡ ಮನೆತನದ ಹೆಣ್ಣು. ಬೇರೊಂದು ದ್ವೀಪದ ದೊರೆಯ ಮನೆಯಲ್ಲಿ ಕೆಲವು ಕಾಲ ಇದ್ದು, ಆಮೇಲೆ ತನ್ನ ದ್ವೀಪಕ್ಕೆ ಬಂದು ಅಲ್ಲಿಯ ದೊರೆಯ ಕೈ ಹಿಡಿದಳು. ಮಗು ಹುಟ್ಟಿತು. ಯಾರದು ಎಂಬ ಪ್ರಶ್ನೆ ಬಂತು. ನಮ್ಮ ಕಡೆಯಾಗಿದ್ದರೆ ಆ ಹೆಂಗಸು ಬಾವಿಯನ್ನೋ ಕೆರೆಯನ್ನೋ ನೋಡಿಕೊಳ್ಳಬೇಕಾಗುತ್ತಿತ್ತು. ಅಲ್ಲಿ ಇಬ್ಬರು ದೊರೆಗಳೂ "ನನ್ನದು" ಎಂದರು. ಈಟಿ ಎತ್ತಲಿಲ್ಲ, ಮುಖ ಮುರಿಯಲಿಲ್ಲ. ಇಬ್ಬರದೂ ಆಗಲಿ ಎಂದುಕೊಂಡರು. ಅಂಥ ಮಗುವನ್ನು ಎರಡು ತಲೆಯದು ಎಂದು ಕರೆಯುವುದು ಆ ಜನರ ರೂಢಿ. ಅವಮಾನವಲ್ಲ, ಹೆಚ್ಚಳ. ಎರಡೂ ಮನೆತನದವರು ಅವನ ಬೆನ್ನಿಗಿದ್ದರು. ಅವನ ವಂಶಾವಳಿ ಹೇಳುವಾಗ ಒಬ್ಬ ಹಾಡುಗಾರ ಮುಗಿಸಿದರೆ ಇನ್ನೊಬ್ಬ ಎದ್ದು ನಿಲ್ಲುತ್ತಿದ್ದ. ಮುಂದೆ ಎರಡು ದ್ವೀಪಗಳ ನಡುವೆ ಯುದ್ಧವಾದಾಗ, ಆಚೆಯ ಪಡೆಯಲ್ಲಿದ್ದ ಅಪ್ಪ, ಆ ಹುಡುಗನ ಮೈ ಮುಟ್ಟಬೇಡಿ ಎಂದು ತನ್ನವರಿಗೆ ಹೇಳಿ ಕಳಿಸಿದ್ದನಂತೆ. ನನ್ನ ದೊರೆ ಮುದುಕನಾಗಿ, ಹಲ್ಲು ಉದುರಿ, ಚಾಪೆಯ ಮೇಲೆ ಸತ್ತ. ಅಂಥ ಕಾಲದಲ್ಲಿ ದೊರೆಯೊಬ್ಬ ಚಾಪೆಯ ಮೇಲೆ ಸಾಯುವುದು ಸಣ್ಣ ಮಾತಲ್ಲ.

ನನಗಿಂತ ಮೊದಲು ಈ ವಿಷಯ ಬರೆದವರೆಲ್ಲ "ನಿಜವಾದ ಅಪ್ಪ ಯಾರು" ಎಂದು ಜಗಳವಾಡಿದ್ದರು. ಆ ಪ್ರಶ್ನೆಯೇ ತಪ್ಪು ಎಂದು ನಾನು ವಾದ ಮಾಡಿದೆ. ಅಪ್ಪನೆಂದರೆ ಒಬ್ಬನೇ ಎನ್ನುವುದು ನಮ್ಮ ಬಡತನ, ಅವರದಲ್ಲ ಎಂದು ಬರೆದೆ. ಒಂದು ಸೆಮಿನಾರಿನಲ್ಲಿ ಅದನ್ನು ಗಂಟಲೆತ್ತಿ ಓದಿದ್ದೆ, ಚಪ್ಪಾಳೆಯೂ ಬಿದ್ದಿತ್ತು.

ಮನೆಗೆ ಬಂದರೆ ನಾನು ಒಬ್ಬನೇ ಅಪ್ಪ. ಅದರಲ್ಲಿ ಪಾಲು ಕೇಳುವವರು ಯಾರೂ ಇರಲಿಲ್ಲ, ಅದು ನನಗೆ ಬಲು ಹಿತವಾಗಿತ್ತು.

ಮಗಳು ನನಗೆ ಹುಟ್ಟಿದವಳಲ್ಲ. ನನ್ನ ಹೆಂಡತಿ ಮೊದಲು ಬೆಂಗಳೂರಿನಲ್ಲಿ ಒಬ್ಬ ಎಂಜಿನಿಯರನ್ನು ಮದುವೆಯಾಗಿದ್ದಳು. ಹೊಂದಿಕೆಯಾಗಲಿಲ್ಲ, ಬಿಟ್ಟಳು. ಬ್ಯಾಂಕಿನ ಕೆಲಸ ಹಿಡಿದು, ಇನ್ನೂ ಸರಿಯಾಗಿ ಮಾತು ಬಾರದ ಮಗುವನ್ನು ಎತ್ತಿಕೊಂಡು ಸಿಂಗಪುರಕ್ಕೆ ಬಂದಳು. ಕನ್ನಡದವರು ಸೇರಿದ್ದ ಒಂದು ಯುಗಾದಿ ಊಟದಲ್ಲಿ ನಾನು ಬಡಿಸುತ್ತಿದ್ದೆ. ಆ ಮಗು ನನ್ನ ಪಂಚೆಯ ಅಂಚು ಹಿಡಿದುಕೊಂಡು ಒಬ್ಬಟ್ಟಿಗಾಗಿ ಸಾಲಿನುದ್ದಕ್ಕೂ ನನ್ನ ಹಿಂದೆಯೇ ಬಂದಿತು. ನಾನು ಮೊದಲು ಒಪ್ಪಿದ್ದು ಮಗುವನ್ನು, ಆಮೇಲೆ ಅವಳ ತಾಯಿಯನ್ನು. ಇದನ್ನು ಹೆಂಡತಿಗೆ ಹೇಳಿದರೆ ಅವಳಿಗೇನೂ ಬೇಸರವಿಲ್ಲ. "ನಂಗೂ ಹಂಗೇ, ಮೊದ್ಲು ಒಬ್ಬಟ್ಟು ಇಷ್ಟ ಆಯ್ತು" ಎನ್ನುತ್ತಾಳೆ.

ಕ್ಲೆಮೆಂಟಿಯ ಹಳೆಯ ಬ್ಲಾಕೊಂದರಲ್ಲಿ ನಮ್ಮ ಮನೆ. ಲಿಫ್ಟು ನಮ್ಮ ಮಹಡಿಯಲ್ಲಿ ನಿಲ್ಲುತ್ತಿರಲಿಲ್ಲ. ಮೇಲಿನ ಮಹಡಿಯಲ್ಲಿ ಇಳಿದು ಮೆಟ್ಟಿಲಿಳಿದು ಬರಬೇಕಿತ್ತು. ಸಂಜೆ ನಾನೂ ಮಗಳೂ ಬ್ಲಾಕಿನ ಕೆಳಗೆ ತೆರವಾಗಿ ಬಿಟ್ಟ ವಾಯ್ಡ್ ಡೆಕ್‌ನ ಕಲ್ಲುಮೇಜಿನ ಬಳಿ ಕೂತರೆ, ದೊರೆಯ ಕಥೆ ಆಗಲೇಬೇಕು. ಪುಕ್ಕದ ಹೊದಿಕೆ, ದೋಣಿ, ಯುದ್ಧ ಎಲ್ಲ ಆದ ಮೇಲೂ ಅವಳಿಗೆ ಬೇಕಾದದ್ದು ಒಂದೇ. "ಆ ಇಬ್ರು ಅಪ್ಪಂದು ಹೇಳು."

ನಾನು ಹೇಳುತ್ತಿದ್ದೆ. ಒಬ್ಬ ಎದ್ದು "ನನ್ನವನು" ಎಂದ, ಇನ್ನೊಬ್ಬನೂ ಎದ್ದು "ನನ್ನವನು" ಎಂದ.

"ಸೋ ಲಕ್ಕಿ ಲಾ" ಎನ್ನುತ್ತಿದ್ದಳು ಅವಳು, ಶಾಲೆಯಲ್ಲಿ ಕಲಿತ ಧಾಟಿಯಲ್ಲಿ.

ಒಂದು ಸಂಜೆ ಕಥೆ ಮುಗಿದ ಮೇಲೆ ಕಾಲು ಆಡಿಸುತ್ತ ಕೂತಿದ್ದವಳು, "ನಂದು ಇನ್ನೊಬ್ರು ಎಲ್ಲಿದಾರೆ?" ಎಂದು ಕೇಳಿದಳು. ಅವಳಿಗೆ ನಾವು ಏನನ್ನೂ ಮುಚ್ಚಿಟ್ಟಿರಲಿಲ್ಲ. ಆದರೆ ಅವಳಾಗಿ ಕೇಳಿದ್ದು ಅದೇ ಮೊದಲು. ಬೆಂಗಳೂರಿನಲ್ಲಿ ಎಂದೆ. ಅಷ್ಟಕ್ಕೆ ಸುಮ್ಮನಾದಳು. ನಾನು ಸುಮ್ಮನಾಗಲಿಲ್ಲ. ಮೇಲೆ ಹೋಗಿ ಹೆಂಡತಿಗೆ, "ನನ್ನ ದೊರೆ ನನಗೇ ಕೈ ಕೊಟ್ಟ" ಎಂದೆ.

ಅದಾಗಿ ಕೆಲವು ತಿಂಗಳಿಗೆ ಬೆಂಗಳೂರಿನ ಆ ಎಂಜಿನಿಯರೇ ಬಂದ. ಅವನ ಕಂಪನಿ ಸಿಂಗಪುರದ ಇನ್ನೊಂದು ತುದಿಯ ಉಬಿಯಲ್ಲಿದ್ದ ಒಂದು ವರ್ಕ್‌ಶಾಪಿಗೆ ಯಂತ್ರಗಳನ್ನು ಮಾರಿತ್ತು. ಅವನ್ನು ಕೂರಿಸಿ, ಓಡಿಸಿ ತೋರಿಸಲು ಇವನನ್ನು ಮೂರು ತಿಂಗಳ ಮಟ್ಟಿಗೆ ಕಳಿಸಿದ್ದರು. ಹೆಂಡತಿಯ ಬ್ಯಾಂಕಿಗೆ ಫೋನ್ ಮಾಡಿ, ಮಗುವನ್ನು ಒಮ್ಮೆ ನೋಡಬಹುದೇ ಎಂದು ಕೇಳಿದನಂತೆ.

"ಏನ್ ಹೇಳ್ಲಿ?" ಎಂದಳು ಹೆಂಡತಿ.

"ಬರ್ಲಿ ಬಿಡು. ಮಗು ನೋಡ್ಬೇಕು ಅಂದ್ರೆ ಬೇಡ ಅನ್ನಕ್ಕಾಗತ್ತಾ?" ಎಂದೆ. ದೊಡ್ಡ ಮನಸ್ಸಿನವನ ಹಾಗೆ ಹೇಳಿ ಸ್ನಾನಕ್ಕೆ ಹೋದೆ. ಬಚ್ಚಲಿನಲ್ಲಿ ನಿಂತು ಅವನ ವಿಮಾನ ತಿರುಗಿ ಹೋಗಲಿ ಎಂದು ಬೇಡಿಕೊಂಡೆ. ಅವನು ಆಗಲೇ ಬಂದಿಳಿದು ವಾರವಾಗಿತ್ತು.

ಅವನು ಕೆಟ್ಟವನಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಕುಡುಕನೋ, ಜಂಬದವನೋ, ಹೆಂಡತಿಯ ಬಗ್ಗೆ ಒಂದು ಕೊಂಕು ಮಾತಾಡುವವನೋ ಆಗಿದ್ದರೆ ನಾನು ನೆಮ್ಮದಿಯಾಗಿ ದ್ವೇಷಿಸುತ್ತಿದ್ದೆ. ಭಾನುವಾರ ಬೆಳಿಗ್ಗೆ ಉಬಿಯಿಂದ ಬಸ್ಸು ಹಿಡಿದು, ಅಲ್ಲಿಂದ ಎಂಆರ್‌ಟಿ ರೈಲಿನಲ್ಲಿ ಊರಿನ ಈ ತುದಿಗೆ ಬಂದ ಮನುಷ್ಯ ಬೆವರು ಒರೆಸಿಕೊಂಡು, ಚಪ್ಪಲಿಯನ್ನು ಗೋಡೆಗೆ ಒತ್ತಿ ಬಿಟ್ಟು, "ನಮಸ್ಕಾರ ಸರ್" ಎಂದ. ನನಗಿಂತ ಎತ್ತರ. ತಲೆ ತುಂಬ ಕೂದಲು. ನನ್ನದು ಆಗಲೇ ಹಿಂದಕ್ಕೆ ಸರಿದಿತ್ತು.

ಮಗಳು ಸೋಫಾದ ಹಿಂದೆ ನಿಂತಿದ್ದಳು. ಏನೆಂದು ಕರೆಯಬೇಕು ಎಂಬುದು ನಮ್ಮಲ್ಲಿ ಹಿಂದಿನ ದಿನವೇ ಚರ್ಚೆಯಾಗಿತ್ತು. ಸಿಂಗಪುರದಲ್ಲಿ ಮನೆಗೆ ಬಂದವರೆಲ್ಲ ಅಂಕಲ್, ಟ್ಯಾಕ್ಸಿಯವನೂ ಅಂಕಲ್, ಆದ್ದರಿಂದ ಇವನೂ ಅಂಕಲ್ ಎಂದು ನಾನು ಸಲಹೆ ಕೊಟ್ಟಿದ್ದೆ. ಅವಳು ಅಂಕಲ್ ಅನ್ನಲಿಲ್ಲ. ಏನೆಂದೂ ಕರೆಯಲಿಲ್ಲ. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಅವ್ರ ಕಿವಿ ನೋಡಮ್ಮ" ಎಂದಳು.

ಕಿವಿ ನಾನೂ ನೋಡಿದೆ. ಮೇಲ್ತುದಿಯಲ್ಲಿ ಸ್ವಲ್ಪ ಮಡಚಿದ್ದ ಕಿವಿ. ಸೋಫಾದ ಹಿಂದೆ ಅದೇ ಕಿವಿ ಸಣ್ಣ ಅಳತೆಯಲ್ಲಿ ಇತ್ತು. ಅದನ್ನು ಹಿಡಿದು ಎಷ್ಟೋ ಸಲ ಆಡಿಸಿದ್ದೇನೆ, ಅದಕ್ಕೊಂದು ಒಡೆಯನಿದ್ದಾನೆಂದು ಹೊಳೆದಿರಲಿಲ್ಲ.

ಊಟಕ್ಕೆ ಕೂತೆವು. ನನ್ನ ಮಗಳಿಗೆ ಒಂದು ಅಭ್ಯಾಸ. ಹಪ್ಪಳ ಹಾಕಿದ ಕೂಡಲೇ ಅಂಗೈಯಲ್ಲಿ ಒತ್ತಿ ಪುಡಿ ಮಾಡಿ ಅನ್ನದ ಮೇಲೆ ಉದುರಿಸಿಕೊಂಡು, ಆಮೇಲೆ ಸಾರು ಹಾಕಿಸಿಕೊಳ್ಳುವುದು. ನಾವು ಗದರಿದ್ದೆವು, ಗೇಲಿ ಮಾಡಿದ್ದೆವು, ಅವಳು ಬಿಟ್ಟಿರಲಿಲ್ಲ. ಹೆಂಡತಿ ಅವನ ತಟ್ಟೆಗೆ ಹಪ್ಪಳ ಹಾಕಿದಳು. ಅವನು ಮಾತಾಡುತ್ತಲೇ ಅಂಗೈ ಇಟ್ಟು ಒತ್ತಿದ. ಚಟಪಟ ಸದ್ದಾಯಿತು. ಮೇಜಿನ ಈಚೆ ಬದಿಯಲ್ಲಿ ಇನ್ನೊಂದು ಚಟಪಟ. ಇಬ್ಬರೂ ತಲೆಯೆತ್ತಿ ಒಬ್ಬರನ್ನೊಬ್ಬರು ನೋಡಿಕೊಂಡರು, ಮಗಳು ಕಿಸಕ್ಕನೆ ನಕ್ಕಳು. ಎರಡು ವರ್ಷದ ಮಗುವಾಗಿದ್ದಾಗ ಕಂಡದ್ದು ಅವಳಿಗೆ ನೆನಪಿರಲು ಸಾಧ್ಯವೇ ಇಲ್ಲ. ಹಾಗಾದರೆ ಅದು ಎಲ್ಲಿಂದ ಬಂತು? ಆ ಮಧ್ಯಾಹ್ನ ನಾನೂ ಹಪ್ಪಳ ಪುಡಿ ಮಾಡಿ ನೋಡಿದೆ, ಯಾರೂ ಗಮನಿಸಲಿಲ್ಲ.

ಊಟವಾದ ಮೇಲೆ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದನ್ನು ಕೇಳಿ, ನಮ್ಮ ಸ್ಪ್ಯಾನರ್ ಎಲ್ಲಿದೆ ಎಂದ. ನಮ್ಮ ಮನೆಯಲ್ಲಿ ಸ್ಪ್ಯಾನರ್ ಇದೆ ಎಂಬುದು ನನಗೆ ಗೊತ್ತಿರಲಿಲ್ಲ. ಮಗಳು ಓಡಿಹೋಗಿ ತಂದು ಕೊಟ್ಟಳು. ನಲ್ಲಿ ನಿಂತಿತು. "ವರ್ಷದಿಂದ ಹೇಳ್ತಿದ್ದೆ" ಎಂದಳು ಹೆಂಡತಿ, ನನ್ನ ಕಡೆ ನೋಡದೆ. ಆ ನಲ್ಲಿ ಮತ್ತೆ ಸೋರಲಿ ಎಂದು ನಾನು ಆಸೆಪಟ್ಟದ್ದುಂಟು. ಅದು ಸೋರಲೇ ಇಲ್ಲ.

ಭಾನುವಾರಗಳು ಅವನವಾದವು. ಮೊದಲು ಜುರಾಂಗ್ ಈಸ್ಟ್‌ನಲ್ಲಿ ಐಸ್‌ಕ್ರೀಮು, ಆಮೇಲೆ ಸೈಕಲ್ಲು, ಆಮೇಲೆ ಈಜು. ಇಲ್ಲಿ ಒಂದು ಮಾತು ಹೇಳಬೇಕು. ಚುಕ್ಕಿ ನೋಡಿಕೊಂಡು, ಅಲೆಯ ಬಡಿತ ಲೆಕ್ಕಹಾಕಿ, ಮರದ ದೋಣಿಯಲ್ಲಿ ಮಹಾಸಾಗರ ದಾಟಿದ ಜನರ ಬಗ್ಗೆ ಪಾಠ ಹೇಳುವ ನನಗೆ ಈಜು ಬರುವುದಿಲ್ಲ. ಸೊಂಟದ ಮೇಲೆ ನೀರು ಬಂದರೆ ನನಗೆ ತಾಯಿಯ ನೆನಪಾಗುತ್ತದೆ. ಕ್ಲೆಮೆಂಟಿಯ ಈಜುಕೊಳದಲ್ಲಿ ಅವನು ಮಗಳ ಹೊಟ್ಟೆಯ ಕೆಳಗೆ ಒಂದು ಕೈ ಕೊಟ್ಟು, "ಕಾಲು ಹೊಡಿ, ಕಾಲು ಹೊಡಿ, ನಾನಿದೀನಿ" ಎನ್ನುತ್ತಿದ್ದ. ನಾನು ದಡದಲ್ಲಿ ಟವೆಲು ಹಿಡಿದು ಕೂತಿರುತ್ತಿದ್ದೆ. ನನ್ನನ್ನು ಯಾರೂ ಬಾ ಎಂದಿರಲಿಲ್ಲ, ನಾನೇ ಹೋಗುತ್ತಿದ್ದೆ. ಬಿಟ್ಟು ಬಂದರೆ ಆ ಎರಡು ಗಂಟೆಯಲ್ಲಿ ಏನು ಕಳೆದುಹೋಗುತ್ತದೋ ಎಂಬ ಭಯ.

ಒಂದು ಭಾನುವಾರ ಅವನು ಕೈ ತೆಗೆದ. ಅವಳು ಮುಳುಗಲಿಲ್ಲ. ಆ ತುದಿಯವರೆಗೆ ಹೋಗಿ, ಅಂಚು ಹಿಡಿದು, ಕಣ್ಣಿನ ನೀರು ಒರೆಸಿಕೊಂಡು ಕೂಗಿದಳು. "ಅಪ್ಪಾ! ನೋಡ್ದ್ಯಾ?"

ನಾನು ಎದ್ದು ನಿಂತೆ. ನೀರಿನಲ್ಲಿ ಅವನೂ ತಿರುಗಿದ. ಅವಳು ಕೂಗಿದ್ದು ನನ್ನನ್ನೇ, ನನ್ನ ಕಡೆಯೇ ಕೈ ಬೀಸಿದಳು. ಅವನು ತಿರುಗಿದ್ದನ್ನು ಮಾತ್ರ ನಾನು ಮರೆಯಲಿಲ್ಲ. ನನ್ನ ಹೆಸರಿನಲ್ಲಿ ಬಂದ ಕಾಗದಕ್ಕೆ ಪಕ್ಕದ ಮನೆಯವನು ಕೈ ಚಾಚಿದರೆ ಹೇಗಾಗುತ್ತದೋ ಹಾಗಾಯಿತು.

ಅವತ್ತೇ ಹೆಂಡತಿಗೆ ಹೇಳಿದೆ. "ಮಗೂನ ನಾನು ದತ್ತು ತಗೋತೀನಿ. ಶಾಸ್ತ್ರೋಕ್ತವಾಗಿ, ಕಾನೂನು ಪ್ರಕಾರ, ಎರಡೂ."

"ಈಗ್ಲೂ ನಿಮ್ಮ ಮಗಳೇ ಅಲ್ವೇನ್ರೀ?"

"ಇನಿಷಿಯಲ್ ಅವರ್ದು. ಗೋತ್ರ ಅವರ್ದು. ನಂದೇನಿದೆ?"

ಹೆಂಡತಿ ಬಟ್ಟೆ ಮಡಚುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. "ನಿಮ್ಮ ಸೆಮಿನಾರ್ ಪೇಪರ್‌ನಲ್ಲಿ ಇಬ್ರು ಅಪ್ಪಂದಿರು, ಮನೇಲಿ ಮಾತ್ರ ಒಬ್ರೇನಾ?"

ನನಗೆ ಮೈಯೆಲ್ಲ ಉರಿಯಿತು. ಅದು ಹವಾಯಿ, ಇದು ಕ್ಲೆಮೆಂಟಿ ಎಂದು ಏನೇನೋ ಒದರಿದೆ. ನಿಜ ಹೇಳಬೇಕೆಂದರೆ ನಮ್ಮ ದತ್ತಿನ ಬಗ್ಗೆ ನನಗೆ ಇಷ್ಟವಾದದ್ದೇ ಅದರ ಕತ್ತರಿ. ಹವಾಯಿಯವರಲ್ಲಿ ಮಗುವಿಗೆ ಇನ್ನೊಂದು ಮನೆ ಸೇರುತ್ತದೆ, ಹಳೆಯದು ಹೋಗುವುದಿಲ್ಲ. ನಮ್ಮಲ್ಲಿ ಹಾಗಲ್ಲ. ಕೊಡುವವನು ಎಲ್ಲರೆದುರಿಗೆ "ಕೊಟ್ಟೆ" ಎನ್ನಬೇಕು, ತೆಗೆದುಕೊಳ್ಳುವವನು "ತೆಗೆದುಕೊಂಡೆ" ಎನ್ನಬೇಕು. ಆಮೇಲೆ ಮಗುವಿಗೆ ಹುಟ್ಟಿದ ಮನೆಯ ಗೋತ್ರವಿಲ್ಲ, ಸೂತಕವಿಲ್ಲ, ಸಂಬಂಧವಿಲ್ಲ. ಆ "ಕೊಟ್ಟೆ" ಎಂಬ ಮಾತನ್ನು ಅವನ ಬಾಯಲ್ಲಿ ಕೇಳಬೇಕೆಂಬ ಹಟ ನನಗೆ ಹಿಡಿಯಿತು. ಅವಳು ನನಗೊಬ್ಬನಿಗೇ ಬೇಕಾಗಿದ್ದಳು.

"ಕೇಳಿ ನೋಡಿ. ಅವ್ರು ಒಪ್ಪಿದ್ರೆ ನಂದೇನೂ ಅಡ್ಡಿಯಿಲ್ಲ" ಎಂದಳು ಹೆಂಡತಿ.

ಮನೆಯ ಹತ್ತಿರ, ಸಾಲು ತಿಂಡಿ ಅಂಗಡಿಗಳ ಹಾಕರ್ ಸೆಂಟರಿನಲ್ಲಿ, ಎದುರು ಬದುರು ಚಹಾ ಇಟ್ಟುಕೊಂಡು ಅವನನ್ನು ಕೇಳಿದೆ. ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ. ಏಳು ವರ್ಷ ಎಲ್ಲಿದ್ದಿರಿ, ಜ್ವರ ಬಂದಾಗ ಯಾರಿದ್ದರು, ಶಾಲೆಯ ಮೊದಲ ದಿನ ಗೇಟಿನ ಕಂಬಿ ಹಿಡಿದು ಅತ್ತಾಗ ಯಾರು ಆಚೆ ನಿಂತಿದ್ದರು, ಎಲ್ಲವನ್ನೂ ಮನಸ್ಸಿನಲ್ಲಿ ಸಾಲಾಗಿ ಜೋಡಿಸಿಕೊಂಡಿದ್ದೆ. ಒಂದೂ ಬೇಕಾಗಲಿಲ್ಲ.

ಅವನು ಲೋಟವನ್ನು ಮೇಜಿನ ಮೇಲೆ ತಿರುಗಿಸುತ್ತ, "ಮಾಡಿಸ್ಬಿಡಿ ಸರ್" ಎಂದ. "ನಾನೇ ಹೇಳೋಣ ಅಂತಿದ್ದೆ. ಊರಲ್ಲಿ ನಂಗೂ ಒಂದು ಕಡೆ ಮಾತಾಗಿದೆ. ಹೋದ್ಮೇಲೆ ಮದ್ವೆ. ಅವರ ಮನೆಯವ್ರಿಗೆ ಮೊದ್ಲಿಂದು ಏನೂ ಬಾಕಿ ಇರ್ಬಾರ್ದು ಅಂತ. ಅವ್ಳು ನಿಮ್ಮತ್ರ ಚೆನ್ನಾಗಿದಾಳೆ. ನಂಗೆ ಗೊತ್ತಾಗತ್ತೆ ಸರ್."

"ಅಂದ್ರೆ, ಒಪ್ಪಿಗೆ?"

"ಎಲ್ಲಿ ಸೈನ್ ಮಾಡ್ಬೇಕು ಹೇಳಿ."

ನಾನು ಕುಣಿಯಬೇಕಿತ್ತು. ಅದರ ಬದಲು ಹೊಟ್ಟೆಯಲ್ಲಿ ಹೊಸದೊಂದು ಕಿಚ್ಚು ಹೊತ್ತಿತು. ನಾನು ಹಲ್ಲು ಕಚ್ಚಿ ಹಿಡಿದುಕೊಂಡಿದ್ದನ್ನು ಇವನು ಚಹಾ ಕುಡಿಯುತ್ತ ಕೊಡುತ್ತಿದ್ದಾನೆ. ಕೊಡುವಷ್ಟು ಅವನ ಬಳಿ ಇತ್ತು. ಕಿವಿ ಅವನದು, ಹಪ್ಪಳದ ಕೈ ಅವನದು. ಸೈನ್ ಮಾಡಿದರೂ ಅವೆರಡೂ ಅವನ ಹತ್ತಿರವೇ ಉಳಿಯುತ್ತವೆ. ನನಗೆ ಸಿಗುವುದು ಹೆಸರಿನ ಮುಂದಿನ ಒಂದಕ್ಷರ. ಚಹಾದ ದುಡ್ಡು ಕೊಡಲು ಅವನು ಮುಂದಾದ. ನಾನು ಬಿಡಲಿಲ್ಲ, ಜೋರಾಗಿಯೇ ಬೇಡವೆಂದೆ.

ಮಗಳಿಗೆ ತಾಯಿಯೇ ತಿಳಿಸಿದಳು. ಇನ್ನು ಮೇಲೆ ಅಪ್ಪನ ಇನಿಷಿಯಲ್ ನಿನಗೆ, ಊರಿಗೆ ಹೋದಾಗ ಒಂದು ಪೂಜೆ ಮಾಡುತ್ತಾರೆ, ಅಷ್ಟೇ ಎಂದಳು. ಅವಳು ತಲೆಯಾಡಿಸಿದಳಂತೆ. ಮರುದಿನ ಸಂಜೆ ವಾಯ್ಡ್ ಡೆಕ್‌ನಲ್ಲಿ ನನ್ನ ಪಕ್ಕ ಕೂತು, ಕಲ್ಲುಮೇಜಿನ ಮೇಲೆ ಕೊರೆದಿದ್ದ ಚದುರಂಗದ ಮನೆಗಳ ಮೇಲೆ ಬೆರಳಾಡಿಸುತ್ತ ಕೇಳಿದಳು.

"ನಮ್ಮ ದೊರೇದು ಇನ್ನೊಬ್ಬ ಅಪ್ಪ ಇದ್ನಲ್ಲ, ಅವ್ನು ಕೊಟ್ಬಿಟ್ನಾ?"

"ಇಲ್ಲ."

"ಕೇಳಿದ್ರೆ ಕೊಡ್ತಿದ್ನಾ?"

"ಯಾರೂ ಕೇಳ್ಲಿಲ್ಲ ಪುಟ್ಟ."

"ನೀನ್ಯಾಕೆ ಕೇಳ್ದೆ?"

ನಾನು ಲಿಫ್ಟಿನ ಕಡೆ ನೋಡುತ್ತ, ಕತ್ತಲಾಯಿತು ಏಳು ಎಂದೆ. ಬಿಸಿಲು ಇನ್ನೂ ಇತ್ತು. ಅವಳು ನನಗಿಂತ ಮುಂದೆ ಓಡಿ ಲಿಫ್ಟಿನ ಗುಂಡಿ ಒತ್ತಿದಳು. ಮೇಲಿನ ಮಹಡಿಯಲ್ಲಿ ಇಳಿದು ಮೆಟ್ಟಿಲಿಳಿಯುವಾಗ ಎಂದಿನಂತೆ ನನ್ನ ಕೈ ಹಿಡಿಯಲಿಲ್ಲ.

ಅವನು ಹೊರಡುವ ವಾರದಲ್ಲೇ ಮಗಳ ಜನ್ಮನಕ್ಷತ್ರ ಬಿತ್ತು. ಪ್ರತಿ ವರ್ಷ ನಾವು ಆ ದಿನ ದೇವಸ್ಥಾನಕ್ಕೆ ಹೋಗಿ ಅವಳ ಹೆಸರಿನಲ್ಲಿ ಅರ್ಚನೆ ಮಾಡಿಸುತ್ತಿದ್ದೆವು. ಅರ್ಚಕರು ತಮಿಳಿನವರು. ಹೆಸರು, ನಕ್ಷತ್ರ, ಗೋತ್ರ ಕೇಳುವುದು ಅವರ ರೂಢಿ. ಹೆಂಡತಿ ಹೆಸರು, ನಕ್ಷತ್ರ ಹೇಳಿ ಅಲ್ಲಿಗೆ ಬಾಯಿ ಮುಚ್ಚುತ್ತಿದ್ದಳು. ಹುಟ್ಟಿಸಿದವನ ಗೋತ್ರ ಹೇಳಿದರೆ ನನಗೆ ನೋವು, ನನ್ನದು ಹೇಳಿದರೆ ದೇವರೆದುರಿಗೆ ಸುಳ್ಳು ಎಂಬುದು ಅವಳ ಸಂಕಟ. ಅರ್ಚಕರು ಒಂದು ಕ್ಷಣ ಕಾದು, ಗೋತ್ರ ತಿಳಿಯದವರಿಗೆಂದು ಹೇಳುವ ಒಂದು ಗೋತ್ರವನ್ನು ಹೇಳಿ ಮುಂದುವರಿಯುತ್ತಿದ್ದರು. ವರ್ಷ ವರ್ಷವೂ ನನ್ನ ಮಗಳು ಆ ಗರ್ಭಗುಡಿಯ ಮುಂದೆ ಹೇಳುವವರು ಕೇಳುವವರು ಇಲ್ಲದವಳ ಹಾಗೆ ನಿಲ್ಲುತ್ತಿದ್ದಳು.

ಈ ಸಲ ಹಾಗಾಗುವುದಿಲ್ಲ. ಮಾತು ಮುಗಿದಿದೆ, ಒಪ್ಪಿಗೆ ಸಿಕ್ಕಿದೆ. ನಾನು ಗಟ್ಟಿಯಾಗಿ ನನ್ನ ಗೋತ್ರ ಹೇಳುವವನಿದ್ದೆ. ಅವನನ್ನೂ ಕರೆಯೋಣವೇ ಎಂದು ಹೆಂಡತಿ ಅನುಮಾನಿಸುತ್ತ ಕೇಳಿದಾಗ, ಧಾರಾಳವಾಗಿ ಕರೆ ಎಂದೆ. ಅವನು ಕೇಳಿಸಿಕೊಳ್ಳಲಿ ಎಂಬುದೇ ನನ್ನ ಆಸೆಯಾಗಿತ್ತು.

ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಕೈಯಲ್ಲಿ ಒಂದು ಮಲ್ಲಿಗೆ ದಂಡೆ. ಮಗಳು ಹಸಿರು ಲಂಗ ಉಟ್ಟಿದ್ದಳು. ತಲೆಗೆ ಹೂವು ಮುಡಿಸಿದ್ದು ಹೆಂಡತಿ, ತಂದದ್ದು ಅವನು ಎಂದು ನಾನು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ. ನಾವು ಸಾಲಿನಲ್ಲಿ ಮುಂದೆ ಸರಿದೆವು. ಅರ್ಚಕರು ತಟ್ಟೆ ತೆಗೆದುಕೊಂಡು, ಮಗಳನ್ನು ಗುರುತಿಸಿ ನಕ್ಕು, ಹೆಸರು ನಕ್ಷತ್ರ ತಾವೇ ಹೇಳಿಕೊಂಡರು. ಆಮೇಲೆ, "ಗೋತ್ರಂ?" ಎಂದರು.

ನಾನು ನನ್ನ ಗೋತ್ರ ಹೇಳಿದೆ. ಗಂಟೆಯ ಸದ್ದಿನ ಮೇಲೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ. ಇಷ್ಟು ವರ್ಷ ಕಾದ ಮಾತು ಬಾಯಿಂದ ಹೊರಬಿದ್ದಾಗ ಕಣ್ಣು ಒದ್ದೆಯಾದದ್ದೂ ನಿಜ.

ಅರ್ಚಕರು ಸಂಕಲ್ಪಕ್ಕೆ ಬಾಯಿ ತೆರೆದರು. "ಅಂಕಲ್, ವೆಯ್ಟ್" ಎಂದಳು ಮಗಳು. "ಇನ್ನೊಂದಿದೆ."

ಹೆಂಡತಿ ಅವಳ ಭುಜ ಹಿಡಿದಳು. ಮಗಳು ಕೊಸರಿಕೊಂಡು ಹಿಂದಕ್ಕೆ ತಿರುಗಿದಳು. ಅವನು ಎರಡು ಹೆಜ್ಜೆ ಹಿಂದೆ, ಕಂಬದ ಪಕ್ಕ ನಿಂತಿದ್ದ. ಮೂರು ತಿಂಗಳು ಅವನನ್ನು ಅವಳು ಏನೆಂದೂ ಕರೆದಿರಲಿಲ್ಲ. ಬೇಕಾದಾಗ ಅಂಗಿ ಎಳೆಯುತ್ತಿದ್ದಳು, ಇಲ್ಲವೇ ಎದುರಿಗೆ ಹೋಗಿ ನಿಲ್ಲುತ್ತಿದ್ದಳು.

"ಅಪ್ಪ, ನೀನೂ ಹೇಳು" ಎಂದಳು ಅವನಿಗೆ.

ಆ ಮಾತು ಅಲ್ಲಿಯವರೆಗೆ ಈ ಲೋಕದಲ್ಲಿ ನನ್ನೊಬ್ಬನದಾಗಿತ್ತು. ಅದು ನನ್ನನ್ನು ದಾಟಿಕೊಂಡು ಕಂಬದ ಕಡೆಗೆ ಹೋದದ್ದನ್ನು ನಾನು ಕಿವಿಯಾರೆ ಕೇಳಿದೆ. ಅವನ ಮುಖ ಕೆಂಪಾಯಿತು. ನನ್ನ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ, ಆಮೇಲೆ ಕೈ ಮುಗಿದುಕೊಂಡೇ ತಲೆಯಲ್ಲಾಡಿಸಿದ.

"ಬೇಡ ಪುಟ್ಟ. ಸರ್ ಹೇಳಿದ್ದೇ ಸರಿ."

ಇದನ್ನೇ ನಾನು ಬಯಸಿದ್ದೆ. ಎಲ್ಲರೆದುರಿಗೆ, ದೇವರೆದುರಿಗೆ, ಅವನ ಬಾಯಿಂದಲೇ ಬಂತು. ಮಗಳು ಅಳಲಿಲ್ಲ. ಅತ್ತಿದ್ದರೆ ಎತ್ತಿಕೊಂಡು ಸಮಾಧಾನ ಮಾಡುತ್ತಿದ್ದೆ, ಅದು ನನಗೆ ಚೆನ್ನಾಗಿ ಬರುತ್ತದೆ. ಅವಳು ಅವನನ್ನೇ ನೋಡುತ್ತ ನಿಂತಳು. ಕಥೆಯ ಇನ್ನೊಬ್ಬ ಅಪ್ಪನ ಹಾಗೆ ಇವನೂ ಮುಂದೆ ಬಂದಾನು ಎಂಬಂತೆ ಕಾದಳು. ಅವನು ಮುಂದೆ ಬರಲಿಲ್ಲ. ಸಾಲಿನಲ್ಲಿ ನಮ್ಮ ಹಿಂದಿದ್ದವರು ಕೆಮ್ಮಿದರು. ಅವಳ ಕೆಳತುಟಿ ಒಳಕ್ಕೆ ಹೋಯಿತು. ಆ ಮುಖವನ್ನು ನಾನು ಒಂದು ಸಲ ನೋಡಿದ್ದೆ, ಶಾಲೆಯ ಗೇಟಿನ ಕಂಬಿಗಳ ಆಚೆ, ನಾನು ತಿರುಗಿ ಹೊರಟಾಗ.

ಅವನ ಗೋತ್ರ ನನಗೆ ಗೊತ್ತಿತ್ತು. ಹೊಟ್ಟೆಕಿಚ್ಚಿನವನಿಗೆ ಗೊತ್ತಿರದ ವಿಷಯ ಯಾವುದು? ಅವನ ಊರು, ಅವನ ಅಜ್ಜನ ಕೆಲಸ, ಅವನಿಗೆ ಯಾವ ಪಲ್ಯ ಸೇರುವುದಿಲ್ಲ ಎಂಬುದೆಲ್ಲ ಮದುವೆಯಾದ ಹೊಸದರಲ್ಲೇ ಹೆಂಡತಿಯಿಂದ ಕೆದಕಿ ಕೆದಕಿ ತಿಳಿದುಕೊಂಡಿದ್ದೆ. ನಾನು ಅರ್ಚಕರ ಕಡೆಗೆ ತಿರುಗಿ, ಅವನ ಗೋತ್ರ ಹೇಳಿದೆ. ನನ್ನದನ್ನು ಹೇಳಿದಷ್ಟು ಗಟ್ಟಿಯಾಗಿ ಹೇಳಲು ಆಗಲಿಲ್ಲ. ಅರ್ಚಕರಿಗೆ ಕೇಳಿಸದೆ, "ಏನು?" ಎಂದು ತಲೆ ಮುಂದೆ ತಂದರು. ಇನ್ನೊಮ್ಮೆ ಹೇಳಬೇಕಾಯಿತು.

"ಎರಡೂನಾ ಸಾರ್?"

"ಎರಡೂ."

ದತ್ತಿನ ಮಾತು ಅಲ್ಲಿಗೆ ಬಿದ್ದುಹೋಯಿತೆಂದು ದೊಡ್ಡವರು ಮೂವರಿಗೂ ಗೊತ್ತಾಯಿತು. ಹೆಂಡತಿ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು. ಅರ್ಚಕರು ಇಷ್ಟು ವರ್ಷ ಹೇಳಿದ್ದೆಲ್ಲ ಇದೇ ಎಂಬಷ್ಟು ಸಲೀಸಾಗಿ ಮೊದಲು ನನ್ನ ಗೋತ್ರ, ಅದರ ಬೆನ್ನಿಗೆ ಅವನ ಗೋತ್ರ, ಆಮೇಲೆ ಅವಳ ನಕ್ಷತ್ರ, ಅವಳ ಹೆಸರು ಹೇಳಿ ಒಳಗೆ ಹೋದರು. ಮಗಳು ಕಣ್ಣು ಮುಚ್ಚಿ ಕೈ ಮುಗಿದು ಕೇಳಿಸಿಕೊಂಡಳು. ಎರಡನೆಯ ಗೋತ್ರ ಕಿವಿಗೆ ಬಿದ್ದಾಗ ಅವಳ ಮುಖ ಅರಳಿತು. ನಾನು ಅವಳ ಪಕ್ಕದಲ್ಲೇ, ಅವಳ ಕೈಗೆ ಸಿಗುವಷ್ಟು ಹತ್ತಿರ ನಿಂತಿದ್ದೆ. ಅವಳು ಕಣ್ಣು ಬಿಟ್ಟು, ಹಿಂದಕ್ಕೆ ತಿರುಗಿ, ಅವನನ್ನು ನೋಡಿ ನಕ್ಕಳು.